ಟೆಕ್ಸಸ್ ಚಳಿಗಾಳಿ: ಮನೆಗೆ ಕರೆಂಟ್, ನೀರು, ಬಿಸಿ ಎಲ್ಲ ಒಟ್ಟಿಗೆ ನಿಂತಾಗ

ಪದೇ ಪದೇ ಕೇಳುವ ಪ್ರಶ್ನೆಗಳು

ಡಾಲಸ್, ಆಸ್ಟಿನ್, ಹ್ಯೂಸ್ಟನ್ ಕಡೆಗೆ ಹೊಸದಾಗಿ ಬಂದ ಕನ್ನಡದ ಮನೆಯವರು ಚಳಿಗಾಲ ಹತ್ತಿರ ಬಂದಾಗ ಕೇಳುವ ಪ್ರಶ್ನೆಗಳು ಇವು. ಹಳಬರೂ ಒಂದು ಸಲ ಓದಿಕೊಂಡರೆ ನಷ್ಟವಿಲ್ಲ. ತುಂಬಾ ಮನೆಗಳಲ್ಲಿ ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿರುವುದಿಲ್ಲ.

ಟೆಕ್ಸಸ್ ಅಂದ್ರೆ ಬಿಸಿಲಿನ ಊರು. ಇಲ್ಲಿ ಚಳಿಗೆ ಇಷ್ಟೊಂದು ಹೆದರಬೇಕಾ?

ಹೆಚ್ಚಿನ ವರ್ಷ ಬೇಕಾಗಿಲ್ಲ. ಒಂದು ಸ್ವೆಟರ್‌ನಲ್ಲಿ ಚಳಿಗಾಲ ಮುಗಿದುಹೋಗುತ್ತದೆ. ಆದರೆ 2021ರ ಫೆಬ್ರವರಿ ನಡುವಿನಲ್ಲಿ ಬಂದ ಯೂರಿ ಎಂಬ ಚಳಿಗಾಳಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಫೆಬ್ರವರಿ 16ರಂದು ಡಾಲಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 19 ಡಿಗ್ರಿ. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದ ಪ್ರಕಾರ ಸತ್ತವರು 246 ಜನ. ಅವರಲ್ಲಿ ಹೆಚ್ಚಿನವರ ಜೀವ ತೆಗೆದದ್ದು ಚಳಿಯೇ.

ಉತ್ತರದ ಮಿನೆಸೋಟದವರಿಗೆ ಇಷ್ಟು ಚಳಿ ಮಾಮೂಲು. ಅಲ್ಲಿನ ಮನೆಗಳನ್ನು ಅದಕ್ಕೆಂದೇ ಕಟ್ಟಿರುತ್ತಾರೆ. ಇಲ್ಲಿ ಮನೆ ಕಟ್ಟುವುದು ಸೆಕೆಗೆ. ನೀರಿನ ಪೈಪುಗಳು ಅಟ್ಟದಲ್ಲಿ, ಹೊರಗೋಡೆಯೊಳಗೆ ಹಾದುಹೋಗುತ್ತವೆ. ಕೆಲವು ಮನೆಗಳಲ್ಲಂತೂ ನೀರು ಕಾಯಿಸುವ ಹೀಟರ್ ಹೊರಗೋಡೆಯ ಮೇಲೇ ನೇತಾಡುತ್ತಿರುತ್ತದೆ.

ನಾವು ಊರಲ್ಲಿ ಲೋಡ್ ಶೆಡ್ಡಿಂಗ್ ಕಂಡವರು. ಕರೆಂಟ್ ಹೋದ್ರೆ ಏನಾಯ್ತು?

ಈ ಧೈರ್ಯವೇ ಸ್ವಲ್ಪ ಅಪಾಯ. ಊರಲ್ಲಿ ಕರೆಂಟ್ ಹೋದರೆ ಲೈಟ್, ಫ್ಯಾನ್, ಟಿವಿ ನಿಲ್ಲುತ್ತದೆ, ಅಷ್ಟೇ. ಮೂಲೆಯಲ್ಲಿ ಯುಪಿಎಸ್ ಇರುತ್ತದೆ. ತಾರಸಿ ಮೇಲಿನ ಟ್ಯಾಂಕಿನಲ್ಲಿ, ಕೆಳಗಿನ ಸಂಪಿನಲ್ಲಿ ಎರಡು ದಿನಕ್ಕಾಗುವಷ್ಟು ನೀರಿರುತ್ತದೆ. ಸಿಲಿಂಡರ್ ಮೇಲೆ ಅನ್ನ ಬೇಯುತ್ತದೆ.

ಇಲ್ಲಿ ಟ್ಯಾಂಕೂ ಇಲ್ಲ, ಸಂಪೂ ಇಲ್ಲ. ನೀರು ಊರಿನ ಪೈಪಿನಿಂದ ನೇರ ನಲ್ಲಿಗೆ ಬರುತ್ತದೆ. ಕರೆಂಟ್ ಹೋದ ತಕ್ಷಣ ಮನೆಯ ಬಿಸಿ ನಿಲ್ಲುತ್ತದೆ. "ನಮ್ಮದು ಗ್ಯಾಸ್ ಫರ್ನೇಸ್, ತೊಂದರೆ ಇಲ್ಲ" ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆದರೆ ಅದರ ಬೆಂಕಿ ಹೊತ್ತಿಸುವುದಕ್ಕೂ, ಬಿಸಿಗಾಳಿಯನ್ನು ಮನೆಯೊಳಗೆ ತಳ್ಳುವುದಕ್ಕೂ ಕರೆಂಟೇ ಬೇಕು. ಬಿಸಿ ನಿಂತರೆ ಪೈಪಿನ ನೀರು ಗಡ್ಡೆ ಕಟ್ಟಿ ಪೈಪ್ ಒಡೆಯುತ್ತದೆ. ಊರೆಲ್ಲ ಪೈಪ್ ಒಡೆದು, ನೀರಿನ ಘಟಕಗಳಿಗೂ ಕರೆಂಟ್ ಇಲ್ಲದಿದ್ದರೆ ನೀರಿನ ಒತ್ತಡ ಬಿದ್ದುಹೋಗುತ್ತದೆ. 2021ರಲ್ಲಿ ಹೀಗೆ 1.4 ಕೋಟಿಗೂ ಹೆಚ್ಚು ಜನರ ನೀರಿಗೆ ತೊಂದರೆ ಆಯಿತು. ಇಲ್ಲಿನ ಚಳಿಗಾಲದಲ್ಲಿ ಕರೆಂಟ್ ಒಂದೇ ಹೋಗುವುದಿಲ್ಲ, ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ.

ಆಗ ನಮ್ಮ ಮನೆಗೆ ಕರೆಂಟ್ ಇಲ್ಲ, ಎದುರು ಬೀದಿಗೆ ಇತ್ತು. ಇದೆಂಥ ನ್ಯಾಯ?

ಈ ಪ್ರಶ್ನೆಯಲ್ಲಿ ಇವತ್ತಿಗೂ ಸಿಟ್ಟು ಇದೆ. ಇರಬೇಕಾದದ್ದೇ.

ಫೆಬ್ರವರಿ 15ರ ನಸುಕಿನಲ್ಲಿ ಬೇಡಿಕೆ ಏರುತ್ತಿತ್ತು, ವಿದ್ಯುತ್ ಸ್ಥಾವರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಗ್ಯಾಸ್ ಬಾವಿಗಳು ಹೆಪ್ಪುಗಟ್ಟಿದ್ದವು. ಗ್ಯಾಸನ್ನು ಮುಂದೆ ತಳ್ಳುವ ಕೆಲವು ಯಂತ್ರಗಳಿಗೇ ಕರೆಂಟ್ ಕಡಿದಿತ್ತು. ಗಾಳಿ ಯಂತ್ರಗಳ ರೆಕ್ಕೆಗೆ ಮಂಜುಗಡ್ಡೆ ಹಿಡಿದಿತ್ತು. ಒಂದು ಅಣು ಸ್ಥಾವರದ ಘಟಕವೂ ಹೆಪ್ಪುಗಟ್ಟಿದ ಒಂದು ಸಣ್ಣ ಪೈಪಿನಿಂದಾಗಿ ನಿಂತಿತು. ಆದರೂ ನಿಂತುಹೋದ ಉತ್ಪಾದನೆಯಲ್ಲಿ ದೊಡ್ಡ ಪಾಲು ಗ್ಯಾಸಿನದೇ. ಗ್ರಿಡ್, ಅಂದರೆ ವಿದ್ಯುತ್ ಜಾಲದಲ್ಲಿ, ಕರೆಂಟಿನ ಆವರ್ತನ (ಫ್ರೀಕ್ವೆನ್ಸಿ) 60 ಹರ್ಟ್ಸ್ ಇರಬೇಕು, ಉತ್ಪಾದನೆ ಸಾಲದಿದ್ದರೆ ಅದು ಇಳಿಯುತ್ತದೆ. ಅವತ್ತು ಅದು 59.4ಕ್ಕಿಂತ ಕೆಳಗೆ 4 ನಿಮಿಷ 23 ಸೆಕೆಂಡ್ ಇತ್ತು. ಅದು 9 ನಿಮಿಷ ಮುಟ್ಟಿದ್ದರೆ ಇನ್ನಷ್ಟು ಸ್ಥಾವರಗಳು ತಾವಾಗಿಯೇ ನಿಂತು, ಇಡೀ ಗ್ರಿಡ್ ಕತ್ತಲಾಗುವ ಸ್ಥಿತಿ ಇತ್ತು. ಅದನ್ನು ತಪ್ಪಿಸಲು ಗ್ರಿಡ್ ನಡೆಸುವ ಎರ್ಕಾಟ್ ಸಂಸ್ಥೆ ಒಟ್ಟು 20,000 ಮೆಗಾವ್ಯಾಟ್‌ವರೆಗೆ ಕಡಿತ ಮಾಡಿಸಿತು.

ಲೆಕ್ಕದಂತೆ ಇದು ಸರದಿಯ ಕಡಿತ ಆಗಬೇಕಿತ್ತು. ಆದರೆ ಕಡಿತ ಎಷ್ಟು ದೊಡ್ಡದಿತ್ತೆಂದರೆ ಆಸ್ಪತ್ರೆಯಂಥ ಜಾಗಗಳಿರುವ ಲೈನುಗಳನ್ನು ಬಿಟ್ಟರೆ ಸರದಿ ತಿರುಗಿಸಲು ಲೈನುಗಳೇ ಉಳಿಯಲಿಲ್ಲ. ಆಸ್ಪತ್ರೆಯ ಲೈನಿನಲ್ಲಿದ್ದ ಬೀದಿಗೆ ದೀಪ ಉರಿಯಿತು, ಉಳಿದ ಬೀದಿಗಳಿಗೆ ದಿನಗಟ್ಟಲೆ ಕತ್ತಲು. ಅಕ್ಕಪಕ್ಕದ ರಾಜ್ಯಗಳಿಂದ ತರಿಸಿಕೊಳ್ಳೋಣ ಅಂದರೆ ಎರ್ಕಾಟ್ ಗ್ರಿಡ್ ಹೆಚ್ಚುಕಡಿಮೆ ಒಂಟಿ. ಹೊರಗಿನ ಜೊತೆ ಇರುವ ಸಂಪರ್ಕ ತೀರಾ ಸಣ್ಣದು. ಟೆಕ್ಸಸ್‌ನಲ್ಲೇ ಇದ್ದರೂ ಪಶ್ಚಿಮದ ಗ್ರಿಡ್‌ಗೆ ಸೇರಿದ ಎಲ್ ಪಾಸೊ ಊರು ಅದೇ ಚಳಿಯಲ್ಲಿ ಅಷ್ಟು ಕಷ್ಟಪಡಲಿಲ್ಲ.

ಆಮೇಲೆ ಸ್ಥಾವರಗಳನ್ನು ಚಳಿಗೆ ಸಿದ್ಧ ಮಾಡಲೇಬೇಕು ಅಂತ ರಾಜ್ಯ ಕಾನೂನು ಮಾಡಿತು. ಒಳ್ಳೆಯದೇ. ಆದರೆ 2023ರ ಫೆಬ್ರವರಿ ಆರಂಭದಲ್ಲಿ ಆಸ್ಟಿನ್‌ಗೆ ಮಂಜುಗಡ್ಡೆಯ ಮಳೆ ಬಂದಾಗ ಗ್ರಿಡ್‌ನಲ್ಲಿ ಕರೆಂಟ್ ಇತ್ತು, ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಹಾಗಾಗಿ "ಗ್ರಿಡ್ ಈಗ ಸರಿಯಾಗಿದೆ" ಅನ್ನುವ ಮಾತು ನಿಮ್ಮ ಮನೆಗೆ ಗ್ಯಾರಂಟಿ ಅಲ್ಲ.

ಚಳಿಗಾಳಿಯ ಮುನ್ಸೂಚನೆ ಬಂತು. ಮೊದಲು ಏನು ಮಾಡಲಿ?

ಅಂಗಡಿಗೆ ಓಡುವ ಮೊದಲು ನೀರಿನ ಮುಖ್ಯ ವಾಲ್ವ್ ಹುಡುಕಿ. ಸಾಮಾನ್ಯವಾಗಿ ರಸ್ತೆ ಬದಿ ಹುಲ್ಲಿನಲ್ಲಿ ಮೀಟರಿನ ಮುಚ್ಚಳವಿರುತ್ತದೆ, ಅದರೊಳಗೆ ಅಥವಾ ಪಕ್ಕದ ಇನ್ನೊಂದು ಮುಚ್ಚಳದ ಕೆಳಗೆ ವಾಲ್ವ್ ಇರುತ್ತದೆ. ತಿರುಗಿಸಲು ಉದ್ದ ಹಿಡಿಯ ಕೀ ಬೇಕಾಗಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಿಸಿಲಿರುವಾಗಲೇ ಒಮ್ಮೆ ತಿರುಗಿಸಿ ನೋಡಿ. ಅಪಾರ್ಟ್‌ಮೆಂಟ್ ಆದರೆ ಆಫೀಸಿನವರನ್ನು ಕೇಳಿ, ಅವರು "ನಾವು ನೋಡಿಕೊಳ್ತೀವಿ" ಅಂದರೂ ಬಿಡಬೇಡಿ.

ಆಮೇಲೆ ಹೊರಗಿನ ನಲ್ಲಿಗಳ ಹೋಸ್ ಬಿಚ್ಚಿ, ಅವುಗಳಿಗೆ ಫೋಮ್ ಟೋಪಿ ಹಾಕಿ. ಬಾತ್‌ಟಬ್, ಬಕೆಟ್, ದೊಡ್ಡ ಪಾತ್ರೆಗಳಲ್ಲಿ ನೀರು ಹಿಡಿಯಿರಿ. ನೀರು ಹಿಡಿದಿಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಕುಡಿಯಲು ಬೇರೆ ಇರಲಿ: ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, ಕನಿಷ್ಠ ಮೂರು ದಿನಕ್ಕೆ. ಫೋನ್, ಪವರ್ ಬ್ಯಾಂಕ್ ಚಾರ್ಜ್ ಮಾಡಿ. ಕಾರಿಗೆ ಪೆಟ್ರೋಲ್ ತುಂಬಿಸಿ. ಮಾತ್ರೆಗಳು ಒಂದು ವಾರಕ್ಕಾಗುವಷ್ಟಿವೆಯೇ ನೋಡಿ. ಬ್ಯಾಟರಿ ಹಾಕಿದ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಯ ಅಲಾರಂ ಮನೆಯಲ್ಲಿ ಇಲ್ಲದಿದ್ದರೆ ಅವತ್ತೇ ತನ್ನಿ. ಗ್ಯಾರೇಜ್ ಬಾಗಿಲನ್ನು ಕರೆಂಟ್ ಇಲ್ಲದೆ ತೆಗೆಯಲು ಒಂದು ಕೆಂಪು ಹಗ್ಗ ನೇತಾಡುತ್ತಿರುತ್ತದೆ, ಅದನ್ನು ಎಳೆಯುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ನಲ್ಲಿಯಿಂದ ನೀರು ತೊಟ್ಟಿಕ್ಕಲು ಬಿಡಬೇಕು ಅಂತಾರೆ. ಸುಮ್ನೆ ನೀರು ದಂಡ ಅಲ್ವಾ?

ದಂಡ ಅಲ್ಲ. ಪೈಪ್ ಒಡೆಯುವುದು ಹೆಚ್ಚಾಗಿ ಗಡ್ಡೆ ಕಟ್ಟಿದ ಜಾಗದಲ್ಲೇ ಅಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಒಡೆಯುತ್ತದೆ. ನಲ್ಲಿ ಸ್ವಲ್ಪ ತೆರೆದಿದ್ದರೆ ಆ ಒತ್ತಡಕ್ಕೆ ದಾರಿ ಸಿಗುತ್ತದೆ. ಹೊರಗೆ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದರೆ ಇಲ್ಲಿನ ಪೈಪುಗಳಿಗೆ ಅಪಾಯ. ಹೊರಗೋಡೆಗೆ ತಾಗಿದ ನಲ್ಲಿಗಳನ್ನು, ಬಿಸಿನೀರು ತಣ್ಣೀರು ಎರಡನ್ನೂ, ಸಣ್ಣಗೆ ಬಿಡಿ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಮನೆಯ ಬಿಸಿ ಒಳಗೆ ಹೋಗಲಿ.

ಆದರೆ ಇಲ್ಲಿನ ನಗರದ ನೀರು ಇಲಾಖೆಯವರು "ನೀರಿನ ಒತ್ತಡ ಕಡಿಮೆಯಾಗಿದೆ, ನಲ್ಲಿ ಬಿಡಬೇಡಿ" ಅಂದರೆ ಆ ಮಾತು ಕೇಳಿ. 2021ರಲ್ಲಿ ಹಾಗೂ ಆಯಿತು. ಕರೆಂಟ್ ಗಂಟೆಗಟ್ಟಲೆ ಬಾರದೆ ಮನೆಯೊಳಗೇ ಕೊರೆಯಲು ಶುರುವಾದರೆ ಮುಖ್ಯ ವಾಲ್ವ್ ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪ್ ಖಾಲಿ ಮಾಡಿಬಿಡಿ. ಕರೆಂಟ್ ವಾಟರ್ ಹೀಟರ್ ಆದರೆ ಅದರ ಬ್ರೇಕರ್ ಆಫ್ ಮಾಡಿ, ಇಲ್ಲದಿದ್ದರೆ ಕರೆಂಟ್ ಬಂದಾಗ ನೀರಿಲ್ಲದೆ ಕಾಯಿಲ್ ಸುಟ್ಟುಹೋಗಬಹುದು. ಹೊರಗೋಡೆಯ ಟ್ಯಾಂಕ್ ಇಲ್ಲದ ಹೀಟರ್‌ನ ಚಳಿ ರಕ್ಷಣೆಯೂ ಕರೆಂಟಿನಿಂದಲೇ ನಡೆಯುವುದು. ಅದರ ನೀರನ್ನೂ ಬಸಿದುಬಿಡಿ.

ಪೈಪ್ ಒಡೆದೇ ಹೋಯಿತು?

ವಾಲ್ವ್ ಮುಚ್ಚಿ. ನೀರು ತೊಟ್ಟಿಕ್ಕುವ ಕೋಣೆಯ ಬ್ರೇಕರ್ ಆಫ್ ಮಾಡಿ, ಆದರೆ ನೀರಿನಲ್ಲಿ ನಿಂತು ಬ್ರೇಕರ್ ಮುಟ್ಟಬೇಡಿ. ಫೋಟೋ, ವಿಡಿಯೋ ತೆಗೆಯಿರಿ, ಆಮೇಲೆ ಒರೆಸಿ. ಇನ್ನೊಂದು ಮಾತು: ಒಡೆದದ್ದು ಅವತ್ತೇ ಗೊತ್ತಾಗುವುದಿಲ್ಲ. ಬಿಸಿಲು ಬಂದು ಗಡ್ಡೆ ಕರಗಿದ ದಿನ ಸೀಲಿಂಗ್‌ನಿಂದ ನೀರು ಸುರಿಯುತ್ತದೆ. ಹಾಗಾಗಿ ಚಳಿ ಬಿಟ್ಟ ದಿನ ಮನೆಯಲ್ಲಿ ಯಾರಾದರೂ ಇರುವುದು ಒಳ್ಳೆಯದು.

ಹೆಪ್ಪುಗಟ್ಟಿದ ಪೈಪನ್ನು ಹೇರ್ ಡ್ರೈಯರ್‌ನಿಂದ ಕರಗಿಸಿ, ನಲ್ಲಿ ಕಡೆಯಿಂದ ಶುರು ಮಾಡಿ. ಬೆಂಕಿ ಹಿಡಿಯಬೇಡಿ.

ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಬೆಚ್ಚಗೆ ಮಾಡಬಹುದಾ? ಕೆಂಡದ ಅಗ್ಗಿಷ್ಟಿಕೆ?

ಬೇಡ. ಬೇಡವೇ ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆದವರಿಗೆ ಕೆಂಡದ ಮುಂದೆ ಕೂರುವುದು ಹೊಸದಲ್ಲ. ಆ ಮನೆಗಳ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿನ ಮನೆ ಹಾಗಲ್ಲ. ಇದ್ದಿಲು, ಗ್ರಿಲ್, ಕ್ಯಾಂಪ್ ಸ್ಟವ್, ಜನರೇಟರ್, ಕಾರಿನ ಇಂಜಿನ್ ಎಲ್ಲವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತವೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ರಕ್ತದಲ್ಲಿ ಹೋಗಿ ಕೂರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ. ನಿದ್ದೆಯಲ್ಲೇ ಸಾಯುತ್ತಾರೆ. 2021ರ ಆ ವಾರ ಟೆಕ್ಸಸ್‌ನಲ್ಲಿ ಈ ವಿಷಕ್ಕೆ ಚಿಕಿತ್ಸೆ ಕೇಳಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಹೋದವರು ಸಾವಿರಕ್ಕೂ ಹೆಚ್ಚು. ಹಲವರು ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದ ಮನೆಯವರು, ಮಕ್ಕಳೂ ಇದ್ದರು. ಗ್ಯಾರೇಜ್ ಬಾಗಿಲು ತೆರೆದಿಟ್ಟು ಕಾರು ಸ್ಟಾರ್ಟ್ ಮಾಡಿ ಕೂತರೂ ಹೊಗೆ ಮನೆಯೊಳಗೆ ಬರುತ್ತದೆ. ಕಾರಿನಲ್ಲಿ ಬೆಚ್ಚಗೆ ಕೂರಬೇಕಾದರೆ ಅದನ್ನು ಪೂರ್ತಿ ಹೊರಗೆ ತನ್ನಿ, ಸೈಲೆನ್ಸರ್ ಕೊಳವೆಗೆ ಹಿಮ ಮುಚ್ಚಿದೆಯೇ ನೋಡಿ.

ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ, ಬಾಗಿಲು ಕಿಟಕಿಯ ಕಡೆಗೆ ಹೊಗೆ ಬಾರದಂತೆ ಇರಲಿ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಮನೆಗೆಲ್ಲ ಕರೆಂಟ್ ಕೊಡುವ ಜಾಣತನ ಬೇಡ. ಆ ಕರೆಂಟ್ ಹೊರಗಿನ ತಂತಿಗೆ ಹರಿದು ಲೈನ್‌ಮ್ಯಾನ್ ಸಾಯಬಹುದು. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಶೀತ ಅಂದುಕೊಳ್ಳಬೇಡಿ. ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

ಹಾಗಾದರೆ ಬೆಚ್ಚಗೆ ಇರುವುದು ಹೇಗೆ?

ಇಡೀ ಮನೆ ಬಿಡಿ, ಒಂದು ಕೋಣೆ ಹಿಡಿಯಿರಿ. ಸಣ್ಣದು, ಕಿಟಕಿ ಕಡಿಮೆ ಇರುವುದು. ಬಾಗಿಲ ಕೆಳಗೆ ಟವೆಲ್ ತುರುಕಿ, ಕಿಟಕಿಗೆ ಕಂಬಳಿ ಕಟ್ಟಿ. ಹಗಲು ಬಿಸಿಲು ಬೀಳುವ ಕಿಟಕಿಯ ಕಂಬಳಿ ಮಾತ್ರ ಸರಿಸಿಡಿ. ಹಾಸಿಗೆ ಮೇಲೆ ಬೆಡ್‌ಶೀಟಿನಿಂದ ಒಂದು ಗುಡಾರ ಕಟ್ಟಿ ಎಲ್ಲರೂ ಅದರೊಳಗೆ ಮಲಗಿದರೆ ಮೈ ಬಿಸಿಯೇ ಸಾಕಷ್ಟು ಸಹಾಯ ಮಾಡುತ್ತದೆ. ಮಕ್ಕಳಿಗೆ ಇದೊಂದು ಆಟ. ಒಂದೇ ದಪ್ಪ ಜಾಕೆಟ್‌ಗಿಂತ ಎರಡು ಮೂರು ಪದರ ಬಟ್ಟೆ ಮೇಲು. ನಗುವವರು ನಗಲಿ, ಮಂಕಿ ಕ್ಯಾಪ್ ಹಾಕಿಕೊಳ್ಳಿ. ಅದಕ್ಕಿಂತ ಒಳ್ಳೆಯ ಸಾಮಾನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ದೀಪಕ್ಕೆ ಟಾರ್ಚ್ ಬಳಸಿ. ಮೇಣದಬತ್ತಿ, ದೇವರ ಮನೆಯ ದೀಪ ಕಂಬಳಿಗಳ ನಡುವೆ ಬೇಡ. ನೀರು ಬಾರದ ದಿನ ಬೆಂಕಿ ಬಿದ್ದರೆ ಆರಿಸುವುದೂ ಕಷ್ಟ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸಣ್ಣ ಮಗುವೂ ಇದೆ.

ಹಾಗಿದ್ದರೆ ಕಾಯಬೇಡಿ. ಕರೆಂಟ್ ಇರುವ ಸ್ನೇಹಿತರ ಮನೆಗೆ, ರಸ್ತೆ ಇನ್ನೂ ಸರಿ ಇರುವಾಗಲೇ ಹೋಗಿ. ವಯಸ್ಸಾದವರಿಗೆ ಮೈ ತಣ್ಣಗಾಗುತ್ತಿರುವುದು ಬೇಗ ಗೊತ್ತಾಗುವುದಿಲ್ಲ. ಗೊತ್ತಾದರೂ ಮಕ್ಕಳಿಗೆ ತೊಂದರೆ ಯಾಕೆ ಅಂತ "ನಂಗೇನೂ ಆಗಿಲ್ಲ ಬಿಡೋ" ಅಂತಾರೆ. ನಡುಕ, ತೊದಲು ಮಾತು, ಮಂಕು, ಕೈ ತಡವರಿಸುವುದು ಕಂಡರೆ ಎಚ್ಚರ. ಮೈ ಬಿಸಿ 95 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ ಆಸ್ಪತ್ರೆಯ ವಿಷಯ. ನಡುಕ ತಾನಾಗಿ ನಿಂತುಹೋದರೆ ಸುಧಾರಿಸಿತು ಅಂತ ಅಲ್ಲ, ಹದಗೆಟ್ಟಿದೆ ಅಂತ. ಒದ್ದೆ ಬಟ್ಟೆ ಬದಲಿಸಿ, ಮೊದಲು ಎದೆ, ಕುತ್ತಿಗೆ ಬೆಚ್ಚಗೆ ಮಾಡಿ. ಎಚ್ಚರ ಇದ್ದರೆ ಬಿಸಿ ಹಾಲೋ ಗಂಜಿಯೋ ಕೊಡಿ. ಬ್ರಾಂದಿ ಬೇಡ, ಅದು ಮೈ ಬಿಸಿಯನ್ನು ಇನ್ನಷ್ಟು ಇಳಿಸುತ್ತದೆ.

ಎಳೆ ಮಕ್ಕಳು ನಡುಗದೆಯೂ ತಣ್ಣಗಾಗುತ್ತಾರೆ. ಮಗುವಿನ ಪಕ್ಕ ಸಡಿಲ ಕಂಬಳಿ ಇಡಬೇಡಿ, ಬೆಚ್ಚನೆ ಬಟ್ಟೆ ತೊಡಿಸಿ, ನೀವು ಎಚ್ಚರವಾಗಿರುವಾಗ ಎದೆಗೆ ಒತ್ತಿ ಹಿಡಿದುಕೊಳ್ಳಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಅದನ್ನು ಹೊರಗಿನ ಚಳಿಯಲ್ಲಿ ಇಡಬೇಡಿ.

ಆಮ್ಲಜನಕದ ಯಂತ್ರದ ಮೇಲಿರುವವರು ಮನೆಯಲ್ಲಿದ್ದರೆ ಡಾಕ್ಟರ ಸಹಿ ಹಾಕಿಸಿ "ಕ್ರಿಟಿಕಲ್ ಕೇರ್" ಗ್ರಾಹಕರಾಗಿ ಮೊದಲೇ ನೋಂದಾಯಿಸಿ. ಅಷ್ಟಕ್ಕೇ ಕರೆಂಟ್ ಹೋಗುವುದೇ ಇಲ್ಲ ಅಂತ ಮಾತ್ರ ತಿಳಿಯಬೇಡಿ. ಬ್ಯಾಟರಿ ಬೇಕೇ ಬೇಕು. ಹತ್ತಿರದ ಬೆಚ್ಚನೆ ಆಶ್ರಯ ಎಲ್ಲಿದೆ ಅಂತ 211ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ.

ಊಟಕ್ಕೆ ಏನು ಮಾಡೋದು?

ಇದರಲ್ಲಿ ನಾವು ಗೆದ್ದೆವು. ಪಕ್ಕದ ಮನೆಯವರು ತಣ್ಣನೆ ಬ್ರೆಡ್ ತಿನ್ನುವಾಗ ನಿಮ್ಮಲ್ಲಿ ಅವಲಕ್ಕಿ ಇರುತ್ತದೆ. ಪೇಪರ್ ಅವಲಕ್ಕಿಗೆ ಚಟ್ನಿಪುಡಿ, ಎಣ್ಣೆ. ಗಟ್ಟಿ ಅವಲಕ್ಕಿ ನೆನೆಸಿ ಹುಣಸೆ ರಸ, ಬೆಲ್ಲ, ಸಾರಿನ ಪುಡಿ ಕಲಸಿದರೆ ಗೊಜ್ಜವಲಕ್ಕಿ. ಹುರಿಹಿಟ್ಟಿಗೆ ಬೆಲ್ಲ, ಮೊಸರು. ಮಂಡಕ್ಕಿ, ಕಡಲೆಬೀಜ, ಕೋಡುಬಳೆ ಡಬ್ಬಿ. ಒಲೆ ಹಚ್ಚದೆ ಮೂರು ದಿನ ನಡೆಸಬಹುದು.

ಗ್ಯಾಸ್ ಒಲೆಯಾದರೆ ಹೆಚ್ಚಿನವುಗಳ ಮೇಲಿನ ಬರ್ನರ್ ಬೆಂಕಿಕಡ್ಡಿಯಿಂದ ಹೊತ್ತುತ್ತದೆ. ಅಡುಗೆಗೆ ಮಾತ್ರ, ಒಂದು ಕಿಟಕಿ ಸ್ವಲ್ಪ ತೆರೆದು. ಕೆಲವು ಹೊಸ ಒಲೆಗಳಲ್ಲಿ ಕರೆಂಟ್ ಇಲ್ಲದಿದ್ದರೆ ಗ್ಯಾಸೇ ಬರುವುದಿಲ್ಲ, ನಿಮ್ಮದು ಯಾವುದು ಅಂತ ಮೊದಲೇ ನೋಡಿ. ಇಂಡಕ್ಷನ್ ಆದರೆ ಅವಲಕ್ಕಿಯೇ ಗತಿ.

ಫ್ರಿಜ್‌ನಲ್ಲಿರುವುದು ಎಷ್ಟು ಹೊತ್ತು ತಡೆಯುತ್ತದೆ?

ಬಾಗಿಲು ತೆರೆಯದಿದ್ದರೆ ಫ್ರಿಜ್ 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದ ಹಾಲು, ಮಾಂಸ, ಉಳಿದ ಸಾಂಬಾರ್ ಎಸೆಯಿರಿ. "ವಾಸನೆ ಬಂದಿಲ್ಲವಲ್ಲ" ಅನ್ನುವುದು ಪರೀಕ್ಷೆ ಅಲ್ಲ. ಹೊರಗೇ ಚಳಿ ಇದೆಯಲ್ಲ ಅಂತ ಆಹಾರವನ್ನು ಅಂಗಳದಲ್ಲಿ ಇಡುವುದೂ ಸರಿಯಲ್ಲ, ಬಿಸಿಲು ಬಿದ್ದರೆ ಬೆಚ್ಚಗಾಗುತ್ತದೆ, ಪ್ರಾಣಿಗಳೂ ಬರುತ್ತವೆ. ಡಬ್ಬಿಯಲ್ಲಿ ನೀರು ಹೊರಗಿಟ್ಟು ಗಡ್ಡೆ ಮಾಡಿ ಫ್ರಿಜ್‌ನೊಳಗೆ ಇಡಿ.

ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಬಂದರೆ? ಫಿಲ್ಟರ್ ಇದೆಯಲ್ಲ?

ಫ್ರಿಜ್‌ನ ಫಿಲ್ಟರ್, ಜಗ್ ಫಿಲ್ಟರ್ ರೋಗಾಣು ತೆಗೆಯುವುದಿಲ್ಲ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ. ಹಲ್ಲುಜ್ಜಲು, ತರಕಾರಿ ತೊಳೆಯಲು, ಮಗುವಿನ ಹಾಲಿಗೂ ಅದೇ ನೀರು. ಕುದಿಸಲು ದಾರಿಯೇ ಇಲ್ಲದಿದ್ದರೆ ವಾಸನೆ ಸೇರಿಸದ ಸಾದಾ ಬ್ಲೀಚ್ ಗ್ಯಾಲನ್‌ಗೆ 8 ಹನಿ ಹಾಕಿ ಅರ್ಧ ಗಂಟೆ ಬಿಡಿ. ಡಬ್ಬಿಯ ಮೇಲೆ 5ರಿಂದ 9 ಶೇಕಡಾ ಅಂತ ಇರಬೇಕು.

ಟಾಯ್ಲೆಟ್?

ಬಾತ್‌ಟಬ್‌ನಿಂದ ಒಂದು ಬಕೆಟ್ ನೀರು ನೇರ ಕಮೋಡ್‌ಗೆ ರಭಸವಾಗಿ ಸುರಿಯಿರಿ. ಹಿಮ ಕರಗಿಸಿ ತುಂಬಿಸಬಹುದು, ಆದರೆ ಬಕೆಟ್ ತುಂಬ ಹಿಮ ಕರಗಿದರೆ ತಳ ಮುಚ್ಚುವಷ್ಟು ನೀರು. ಪಕ್ಕದಲ್ಲಿ ಈಜುಕೊಳ ಇದ್ದರೆ ಅದೇ ವಾಸಿ.

ಊರಿಂದ ಫೋನ್ ಮೇಲೆ ಫೋನ್. ಬ್ಯಾಟರಿ ಖಾಲಿ ಆಗ್ತಿದೆ.

ಟವರ್‌ಗಳ ಬ್ಯಾಟರಿಯೂ ಮುಗಿಯುತ್ತದೆ, ಸಿಗ್ನಲ್ ಹೋಗುತ್ತದೆ. ಮನೆಯ ಗ್ರೂಪಿಗೆ ಒಂದೇ ಮೆಸೇಜ್ ಹಾಕಿ: ಎಲ್ಲರೂ ಚೆನ್ನಾಗಿದ್ದೇವೆ, ಇಂಥ ಹೊತ್ತಿಗೆ ಮತ್ತೆ ಬರೆಯುತ್ತೇವೆ. ಚಳಿಗಾಲದಲ್ಲಿ ಇಲ್ಲಿಗೂ ಊರಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ನೀವು ಮಲಗುವ ಹೊತ್ತಿಗೆ ಅವರು ಟಿವಿ ಹಾಕಿರುತ್ತಾರೆ. ಉತ್ತರ ಬರದಿದ್ದರೆ ಯಾರಿಗೆ ಕೇಳಬೇಕು ಅಂತ ಇಲ್ಲಿನ ಒಬ್ಬ ಸ್ನೇಹಿತರ ನಂಬರ್ ಅವರ ಹತ್ತಿರ ಇರಲಿ.

ಹೋಟೆಲಿಗೆ ಕಾರಲ್ಲಿ ಹೊರಟುಬಿಡಲಾ?

ಗಡ್ಡೆ ಬೀಳುವ ಮೊದಲು ಹೌದು, ಬಿದ್ದ ಮೇಲೆ ಬೇಡ. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಕಣ್ಣಿಗೆ ಬರೀ ಒದ್ದೆ ರಸ್ತೆಯ ಹಾಗೆ ಕಾಣುತ್ತದೆ. 2021ರ ಫೆಬ್ರವರಿ 11ರ ಬೆಳಿಗ್ಗೆ ಫೋರ್ಟ್ ವರ್ತ್‌ನ ಐ-35 ಪಶ್ಚಿಮ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ 6 ಜನ ಸತ್ತರು. ದೊಡ್ಡ ಚಳಿ ಇನ್ನೂ ಬಂದೇ ಇರಲಿಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತಿದ್ದೇವೆ. ಖಾಲಿ ಮನೆ?

ನೀರಿನ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ನೀರು ಬಸಿದುಬಿಡಿ. ಮನೆ ಬಿಸಿ ಮಾಡುವ ಹೀಟರ್ ಪೂರ್ತಿ ಆಫ್ ಮಾಡಬೇಡಿ, 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ. ಖಾಲಿ ಮನೆಯಲ್ಲಿ ಹೀಟರ್ ಆಫ್ ಮಾಡಿ ಪೈಪ್ ಒಡೆದರೆ ವಿಮೆಯವರು ತಕರಾರು ಮಾಡಬಹುದು. ಕೀ ಹತ್ತಿರದವರ ಕೈಯಲ್ಲಿರಲಿ. ಬಾಡಿಗೆ ಮನೆಯವರು ನೆನಪಿಡಿ: ಮಾಲೀಕರ ವಿಮೆ ಗೋಡೆಗೆ, ನಿಮ್ಮ ಸಾಮಾನಿಗಲ್ಲ.

2021ರಲ್ಲಿ ಕೆಲವರಿಗೆ ಸಾವಿರಾರು ಡಾಲರ್ ಕರೆಂಟ್ ಬಿಲ್ ಬಂತಂತೆ?

ಬಂತು. ಅವರದು ಸಗಟು ದರದ ಪ್ಲಾನ್. ಆ ದಿನಗಳಲ್ಲಿ ಸಗಟು ದರ ಯೂನಿಟ್‌ಗೆ 9 ಡಾಲರ್‌ವರೆಗೆ ಹೋಗಿತ್ತು. ಅಂಥ ಪ್ಲಾನನ್ನು ಮನೆಗಳಿಗೆ ಮಾರುವುದನ್ನು ಅದೇ ವರ್ಷ ರಾಜ್ಯ ನಿಷೇಧಿಸಿತು. ಆದರೂ ಸಹಿ ಹಾಕುವ ಮೊದಲು ದರ ಸ್ಥಿರವೋ ಏರಿಳಿಯುವುದೋ ನೋಡಿ.

ಕರೆಂಟ್ ಬಂತು! ಈಗ?

ಎಲ್ಲ ಒಟ್ಟಿಗೆ ಹಾಕಬೇಡಿ. ಬೀದಿಯವರೆಲ್ಲ ಒಂದೇ ಸಲ ಹೀಟರ್, ಓವನ್, ಡ್ರೈಯರ್ ಹಾಕಿದರೆ ಮತ್ತೆ ಹೋಗುತ್ತದೆ. ಕರೆಂಟ್ ಹೋದಾಗಲೇ ದೊಡ್ಡ ಉಪಕರಣ ಆಫ್ ಮಾಡಿ, ಒಂದು ಲೈಟ್ ಮಾತ್ರ ಆನ್ ಇಟ್ಟಿರಿ. ಮೊದಲು ಮನೆಯ ಬಿಸಿ, ಆಮೇಲೆ ಫ್ರಿಜ್. ನೀರಿನ ವಾಲ್ವ್ ನಿಧಾನಕ್ಕೆ ತೆರೆಯಿರಿ, ಒಬ್ಬರು ಒಳಗೆ ಎಲ್ಲಾದರೂ ಸೋರುತ್ತಿದೆಯಾ ನೋಡುತ್ತಿರಲಿ. ಸೋರಿಕೆ ಇಲ್ಲ ಅಂತ ಖಾತ್ರಿಯಾಗಿ ಟ್ಯಾಂಕ್ ತುಂಬಿದ ಮೇಲಷ್ಟೇ ವಾಟರ್ ಹೀಟರ್ ಬ್ರೇಕರ್ ಹಾಕಿ.

ಕೊನೆಯದು. ಕರಿಬೇವಿನ ಗಿಡ?

ಇದನ್ನು ಕೇಳದವರೇ ಇಲ್ಲ. ಕುಂಡದಲ್ಲಿದ್ದರೆ ಹೆಪ್ಪುಗಟ್ಟುವ ಚಳಿಗೆ ಮೊದಲೇ ಒಳಗೆ ತನ್ನಿ, ಕಿಟಕಿಯ ಗಾಜಿಗೆ ತಾಗದಂತೆ ಇಡಿ, ನೀರು ಕಡಿಮೆ ಹಾಕಿ. ಮಲ್ಲಿಗೆ, ತುಳಸಿಗೂ ಹಾಗೇ. ಹೊರಗೇ ಮರೆತು ಎಲೆಯೆಲ್ಲ ಕಪ್ಪಾಗಿದ್ದರೆ ಅವಸರದಲ್ಲಿ ಕೀಳಬೇಡಿ. ಬೇರು ಉಳಿದಿದ್ದರೆ ಬಿಸಿಲು ಬಂದ ಮೇಲೆ ಬುಡದಿಂದ ಮತ್ತೆ ಚಿಗುರಬಹುದು. ಏಪ್ರಿಲ್‌ವರೆಗೆ ಕಾಯಿರಿ.